ನೀರಿಳಿದ ನೆಲ, ವಾರಾಂತ್ಯದ ಗಾಲಿ

(ಲಿಂಗನಮಕ್ಕಿ ಹಿನ್ನೀರಿನ ಊರುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ಮಲೆನಾಡಿನ ನಟ್ಟನಡುವೆ ಮರುಭೂಮಿಯೊಂದಿದೆ ಎಂದರೆ ಬಯಲುಸೀಮೆಯವರು ನಂಬಲಾರರು. ಹುಲಿಕಲ್, ಆಗುಂಬೆಗಳಂಥ ಊರುಗಳಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅಂಥ ಮಳೆಯ ನಾಡಿನಲ್ಲಿಯೇ, ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ಹೊತ್ತಿಗೆ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನಡುವೆ ಮೈಲುಗಟ್ಟಲೆ ಬೋಳು ನೆಲ ತೆರೆದುಕೊಳ್ಳುತ್ತದೆ. ಕೆಂಪು ಜಂಬಿಟ್ಟಿಗೆಯ ದಿಣ್ಣೆಗಳು, ಅಲೆಗಳು ಕೊರೆದ ಮೆಟ್ಟಿಲುಗಳಂಥ ಗೆರೆಗಳು, ಕಪ್ಪಾಗಿ ನಿಂತ ಮರದ ಕೊರಡುಗಳು, ಬಿರುಕುಬಿಟ್ಟ ಮೆಕ್ಕಲು ಬಯಲು: ಇವೆಲ್ಲವೂ ಲಿಂಗನಮಕ್ಕಿ ಜಲಾಶಯದ ಒಡಲು. ಬೇಸಿಗೆಯ ಶನಿವಾರ, ಭಾನುವಾರಗಳಂದು ಈ ಒಡಲಿನ ಮೇಲೆ ಜೀಪು, ಕಾರು, ಬೈಕುಗಳು ಓಡಾಡುತ್ತವೆ. ಮರುಭೂಮಿಯ ಬಂಡೆಗಳ ನಡುವೆ ಕಚ್ಚಾ ದಾರಿಗಳಲ್ಲಿ ವಾಹನ ಓಡಿಸುವ ಹವ್ಯಾಸಕ್ಕೆ ಜಗತ್ತಿನ ಬೇರೆ ಕಡೆಗಳಲ್ಲಿ ದೊಡ್ಡ ಇತಿಹಾಸವಿದೆ. ಆ ಹವ್ಯಾಸ ಈಗ ಶರಾವತಿಯ ಕಣಿವೆಗೂ ಬಂದಿದೆ. ಬರುವವರನ್ನು ಬೈಯುವುದು ಈ ಉಪನ್ಯಾಸದ ಉದ್ದೇಶವಲ್ಲ. ಗಾಲಿಯ ಕೆಳಗೆ ಇರುವ ನೆಲ ಎಂಥದು, ಅದಕ್ಕೆ ಆಗುತ್ತಿರುವುದೇನು, ಊರಿನವರು ಮಾಡಬಹುದಾದುದೇನು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗುವುದು.

ಈ ಮರುಭೂಮಿ ಹುಟ್ಟಿದ ಬಗೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಅಷ್ಟು ಕಿರಿಯ ನದಿ ನಾಡಿಗೆ ಕೊಟ್ಟ ಬೆಳಕು ಮಾತ್ರ ಹಿರಿದು. 1948ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಜೋಗದ ಮೊದಲ ಸ್ಥಾವರಕ್ಕೆ ನೀರು ಒದಗಿಸಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಲಾಗಿತ್ತು. ಮೈಸೂರು ಸಂಸ್ಥಾನದ ಇಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸೈಫನ್ನುಗಳು ಅದರ ವಿಶೇಷ. 1964ರಲ್ಲಿ ಅದಕ್ಕಿಂತ ಕೆಳಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಹಳೆಯ ಅಣೆಕಟ್ಟೇ ನೀರಿನಲ್ಲಿ ಮುಳುಗಿತು. ಅಣೆಕಟ್ಟೊಂದು ಮತ್ತೊಂದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಈ ಪ್ರಸಂಗವನ್ನು ವಿದ್ಯಾರ್ಥಿಗಳು ನೆನಪಿಡುವುದು ಒಳ್ಳೆಯದು. ನೀರು ತೀರ ಇಳಿದ ವರ್ಷಗಳಲ್ಲಿ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುತ್ತದೆ. ಆಗ ಅದನ್ನು ನೋಡಲು ಜನ ಗುಂಪುಗುಂಪಾಗಿ ಬರುತ್ತಾರೆ.

ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ತುಂಬಿದಾಗ ನೀರು ಸುಮಾರು 300 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಜಲಾನಯನ ಪ್ರದೇಶ ಸುಮಾರು 1,992 ಚದರ ಕಿಲೋಮೀಟರ್. ನಂದಿಹೊಳೆ, ಹರಿದ್ರಾವತಿ, ಮಾವಿನಹೊಳೆ, ಹಿಲ್ಕುಂಜಿ, ಎಣ್ಣೆಹೊಳೆ ಮುಂತಾದ ಹೊಳೆಗಳ ನೀರಿನೊಂದಿಗೆ ಚಕ್ರಾ ಮತ್ತು ಸಾವೇಹಕ್ಲು ಜಲಾಶಯಗಳ ನೀರನ್ನೂ ಇಲ್ಲಿಗೆ ತಿರುಗಿಸಲಾಗಿದೆ. ಈ ನೀರು ತಲಕಳಲೆಯ ಮೂಲಕ ಸಾಗಿ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಬೇಸಿಗೆಯಲ್ಲಿ ನಾಡಿಗೆ ವಿದ್ಯುತ್ತು ಬೇಕಾದಂತೆಲ್ಲ ಜಲಾಶಯ ಇಳಿಯುತ್ತದೆ. ಇಳಿದಷ್ಟೂ ನೆಲ ಬಯಲಾಗುತ್ತದೆ. ಮೇಲಿನ ತುದಿಯಲ್ಲಿ ಹಿನ್ನೀರು ಆಳವಿಲ್ಲದ ಕಾರಣ ಹೊಸನಗರ ತಾಲ್ಲೂಕಿನ ಭಾಗವೇ ಮೊದಲು ಬರಿದಾಗುತ್ತದೆ.

ನೀರು ಹೋದಮೇಲೆ ಉಳಿದ ನೆಲದಲ್ಲಿ ಕಾಡು ಏಕೆ ಬೆಳೆಯುವುದಿಲ್ಲ? ಇದಕ್ಕೆ ಕಾರಣ ಸರಳ. ತಿಂಗಳುಗಟ್ಟಲೆ ನೀರಿನ ಅಡಿಯಲ್ಲಿದ್ದರೆ ನೆಲದ ಗಿಡಮರಗಳ ಬೇರಿಗೆ ಗಾಳಿ ಸಿಗದು. ಮುಂದಿನ ತಿಂಗಳುಗಳಲ್ಲಿ ಬಿಸಿಲಿಗೆ ಕಾದರೆ ಜಲಸಸ್ಯಗಳು ಬದುಕವು. ಎರಡು ಋತುಗಳ ನಡುವೆ ಸಿಕ್ಕಿದ ಈ ಪಟ್ಟಿಯಲ್ಲಿ ನೆಲಕ್ಕೆ ಹೊದಿಕೆ ಇಲ್ಲವಾಯಿತು. ಹೊದಿಕೆಯಿಲ್ಲದ ಇಳಿಜಾರುಗಳ ಮೇಲುಮಣ್ಣನ್ನು ಆರು ದಶಕಗಳ ಅಲೆ ಮತ್ತು ಮಳೆ ತೊಳೆದು ತಗ್ಗಿಗೆ ಸೇರಿಸಿವೆ. ಆದ್ದರಿಂದ ಇಲ್ಲಿ ಎರಡು ಬಗೆಯ ನೆಲ ಕಾಣುತ್ತದೆ. ದಿಣ್ಣೆಗಳಲ್ಲಿ ಕಲ್ಲು, ಗೊರಚಲು, ಜಂಬಿಟ್ಟಿಗೆ; ತಗ್ಗುಗಳಲ್ಲಿ ನುಣುಪಾದ ಮೆಕ್ಕಲು.

ಕಲ್ಲಿನ ಚರಿತ್ರೆ

ಬರುವ ಪ್ರವಾಸಿಗರು ಬಂಡೆಗಳ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ಬಂಡೆಗಳ ವಯಸ್ಸನ್ನು ಹೇಳುವವರು ಯಾರೂ ಇಲ್ಲ. ಮಲೆನಾಡಿನ ತಳದಲ್ಲಿರುವ ನೀಸ್ ಶಿಲೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದರ ಮೇಲೆ ಹೊದಿಸಿದಂತಿರುವ ಜಂಬಿಟ್ಟಿಗೆ ಬಹಳ ಕಿರಿಯದು. ಬಿಸಿ ಮತ್ತು ಮಳೆಗಳಿಗೆ ಸಿಕ್ಕಿ ಶಿಲೆಯೊಳಗಿನ ಮರಳಿನಂಶ, ಸುಣ್ಣ, ಪೊಟ್ಯಾಷ್‌ಗಳು ಕರಗಿ ಹರಿದುಹೋದ ಬಳಿಕ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿಯುತ್ತವೆ. ಕೆಂಪು ಬಣ್ಣ ಬರುವುದು ಆ ಕಬ್ಬಿಣದಿಂದ. ನೆಲದೊಳಗೆ ತೇವದಲ್ಲಿರುವವರೆಗೆ ಜಂಬಿಟ್ಟಿಗೆಯನ್ನು ಕೊಡಲಿಯಿಂದ ಕಡಿಯಬಹುದು. ಗಾಳಿ ಬಿಸಿಲಿಗೆ ತೆರೆದುಕೊಂಡರೆ ಅದು ಗಟ್ಟಿಯಾಗುತ್ತದೆ, ಪುನಃ ಮೆದುವಾಗುವುದಿಲ್ಲ. ಮನೆ ಕಟ್ಟುವವರಿಗೆ ಇದು ವರ. ಕೃಷಿಕನಿಗೆ ಇದೇ ಶಾಪವಾಗಬಲ್ಲದು. ಮೇಲುಮಣ್ಣು ತೊಳೆದುಹೋದ ಗುಡ್ಡದಲ್ಲಿ ಜಂಬಿಟ್ಟಿಗೆ ಹೊರಬಿದ್ದು ಗಟ್ಟಿಯಾದರೆ ಅಲ್ಲಿ ನೀರೂ ಇಳಿಯದು, ಬೇರೂ ಇಳಿಯದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೇ ಈ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟರೈಟ್ ಎಂಬ ಹೆಸರನ್ನು ವಿಜ್ಞಾನಕ್ಕೆ ಕೊಟ್ಟನು. ಮಲೆನಾಡಿನ ಜನರ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆ ಇರುವುದು ಗಮನಾರ್ಹ.

ಎರಡು ದಿನಗಳ ಪ್ರವಾಸ

ವಾರಾಂತ್ಯದ ಪ್ರವಾಸದ ದಾರಿ ಹೆಚ್ಚುಕಡಮೆ ಹೀಗಿರುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಶನಿವಾರ ಬೆಳಿಗ್ಗೆ ಸಾಗರ ತಲುಪುತ್ತಾರೆ. ಇಕ್ಕೇರಿಯ ಅಘೋರೇಶ್ವರ ದೇವಾಲಯ ನೋಡಿ, ಆವಿನಹಳ್ಳಿಯ ಮೂಲಕ ಹೊಳೆಬಾಗಿಲಿಗೆ ಬಂದು, ಸೇತುವೆ ದಾಟಿ ಕಳಸವಳ್ಳಿ, ತುಮರಿ, ಸಿಗಂದೂರುಗಳಿಗೆ ಹೋಗುತ್ತಾರೆ. ಮಧ್ಯಾಹ್ನದ ಬಳಿಕ ಹಿನ್ನೀರಿನ ಅಂಚಿನಲ್ಲಿ ಯಾವುದೋ ಬೇಣದ ದಾರಿ ಹಿಡಿದು ಜಲಾಶಯದ ಒಡಲಿಗೆ ಇಳಿಯುತ್ತಾರೆ. ಸಂಜೆ ಅಲ್ಲಿಯೇ ಡೇರೆ, ಬೆಂಕಿ. ಭಾನುವಾರ ನಿಟ್ಟೂರಿನ ಕಡೆ ತಿರುಗಿ ಕೊಡಚಾದ್ರಿಯ ಜೀಪು ದಾರಿ, ನಗರದ ಬಿದನೂರು ಕೋಟೆ. ಹೊತ್ತಿದ್ದರೆ ತೀರ್ಥಹಳ್ಳಿಯ ಕವಲೇದುರ್ಗ ಅಥವಾ ಕುಂದಾದ್ರಿ.

ಈ ದಾರಿಯಲ್ಲಿ ನೋಡತಕ್ಕ ಸಂಗತಿಗಳು ನಿಜವಾಗಿಯೂ ಇವೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ಹುಲ್ಲುಗಾವಲು ಮತ್ತು ಶೋಲಾ ಕಾಡು, ಏಕಶಿಲೆಯಂತಿರುವ ಕುಂದಾದ್ರಿ, ಕೆಳದಿ ಅರಸರ ಕೋಟೆಗಳು ಯಾವ ದೇಶದ ಪ್ರವಾಸಿಯನ್ನಾದರೂ ನಿಲ್ಲಿಸಿ ನೋಡಿಸುವಂಥವು. ನೀರಿಳಿದ ನೆಲದಲ್ಲಿ ಕಾಣುವ ಹಳೆಯ ರಸ್ತೆಯ ಗುರುತು, ಮನೆಗಳ ಅಡಿಪಾಯ, ಬಾವಿಯ ಕಟ್ಟೆಗಳು ಇನ್ನೂ ಹೆಚ್ಚಿನ ಕಥೆ ಹೇಳುತ್ತವೆ. ಸಾಗರದ ಸಾಹಿತಿ ನಾ. ಡಿಸೋಜ ಅವರು ಮುಳುಗಡೆಯ ಬದುಕನ್ನು ಕಾದಂಬರಿಗಳಲ್ಲಿ ಬರೆದರು. ಅವರ 'ದ್ವೀಪ' ಕೃತಿಯನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ಒಂದು ಅಡಿಪಾಯದ ಮೇಲೆ ಗಾಲಿ ಹತ್ತಿಸಿ ಚಿತ್ರ ತೆಗೆಸಿಕೊಳ್ಳುವ ತರುಣನಿಗೆ ಅದು ಯಾರದೋ ಮನೆಯ ಜಗುಲಿ ಎಂಬುದು ತಿಳಿದಿರುವುದಿಲ್ಲ. ಹೇಳಿದರೆ ಹೆಚ್ಚಿನವರು ಗಾಲಿ ಇಳಿಸುತ್ತಾರೆ. ಹೇಳುವ ವ್ಯವಸ್ಥೆ ಇಲ್ಲದಿರುವುದೇ ಇಲ್ಲಿಯ ಕೊರತೆ.

ಮುಳುಗುವ ನೆಲಕ್ಕೆ ಗಾಲಿಯಿಂದೇನು ಹಾನಿ?

ಗ್ರಾಮಸಭೆಗಳಲ್ಲಿ ಕೇಳಿಬರುವ ಪ್ರಶ್ನೆಯೊಂದಿದೆ. ಆಷಾಢದಲ್ಲಿ ಹೇಗೂ ಮುಳುಗುವ ನೆಲ. ಅದರ ಮೇಲೆ ಜೀಪು ಹೋದರೇನು, ಬಿಟ್ಟರೇನು? ಪ್ರಶ್ನೆ ನ್ಯಾಯವಾದುದೇ. ಉತ್ತರಕ್ಕೆ ಮಣ್ಣಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು.

ಆರೋಗ್ಯವಂತ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಖಾಲಿ ಜಾಗವಿರುತ್ತದೆ. ನೀರು ಮತ್ತು ಗಾಳಿ ಓಡಾಡುವುದು ಆ ರಂಧ್ರಗಳಲ್ಲಿ. ವಾಹನದ ಭಾರ ಬಿದ್ದಾಗ ಮೊದಲು ಮುಚ್ಚುವುದು ದೊಡ್ಡ ರಂಧ್ರಗಳು. ಹಾನಿಯ ಬಹುಪಾಲು ಮೊದಲ ಕೆಲವು ಓಡಾಟಗಳಲ್ಲಿಯೇ ಆಗಿಬಿಡುತ್ತದೆ ಎಂಬುದು ಮಣ್ಣು ವಿಜ್ಞಾನದಲ್ಲಿ ಸ್ಥಿರಪಟ್ಟ ಸಂಗತಿ. ಹತ್ತು ಜೀಪುಗಳು ಒಂದೇ ಜಾಡಿನಲ್ಲಿ ಹೋದರೆ ಒಂದು ಜಾಡು ಕೆಡುತ್ತದೆ. ಹತ್ತು ಜಾಡಿನಲ್ಲಿ ಹೋದರೆ ಹತ್ತೂ ಹೆಚ್ಚುಕಡಮೆ ಅಷ್ಟೇ ಕೆಡುತ್ತವೆ. ಒಣ ಮಣ್ಣಿಗಿಂತ ಹಸಿ ಮಣ್ಣು ಹೆಚ್ಚು ಗಟ್ಟಿಯಾಗುತ್ತದೆ. ಹಿನ್ನೀರಿನ ಮೆಕ್ಕಲು ಮೇಲೆ ಒಣಗಿ ಬಿರಿದಿದ್ದರೂ ಗೇಣುದ್ದ ಕೆಳಗೆ ಹಸಿಯಾಗಿಯೇ ಇರುತ್ತದೆ. ವಾಹನಗಳು ಹೂತುಹೋಗುವುದು ಇದರಿಂದಲೇ.

ಈಗ ಲೆಕ್ಕ ಮಾಡಿ ನೋಡಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೂರು ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದದ ಕಚ್ಚಾ ದಾರಿ ಎಂದರೆ 3,000 ಚದರ ಮೀಟರ್. ದಿನವೊಂದಕ್ಕೆ 100 ಮಿಲಿಮೀಟರ್ ಮಳೆ ಮಲೆನಾಡಿನಲ್ಲಿ ಅಪರೂಪವೇನಲ್ಲ. ಗಟ್ಟಿಯಾದ ಜಾಡಿನಲ್ಲಿ ನೀರು ಇಂಗದೆ ಹರಿದರೆ ಆ ಒಂದು ದಿನ, ಆ ಒಂದು ದಾರಿಯಿಂದಲೇ ಮೂರು ಲಕ್ಷ ಲೀಟರ್ ನೀರು ಹೊರಡುತ್ತದೆ. ಹೀಗೆ ಹೊರಟ ನೀರು ಗಾಲಿಯ ಜಾಡನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಒಂದಡಿ ಅಗಲ, ಒಂದಡಿ ಆಳದ ಕೊರಕಲು ಒಂದು ಕಿಲೋಮೀಟರ್ ಉದ್ದಕ್ಕೆ ಬಿದ್ದರೆ ಹೋದ ಮಣ್ಣು ಸುಮಾರು 90 ಘನ ಮೀಟರ್, ಅಂದರೆ ತೂಕದಲ್ಲಿ 100 ಟನ್ನಿಗೂ ಮೀರಿದ್ದು.

ಈ ನೀರು ಮತ್ತು ಮಣ್ಣು ಎಲ್ಲಿಗೆ ಹೋಗುತ್ತವೆ ಎಂಬುದರಲ್ಲಿ ಗ್ರಾಮಸ್ಥರ ಪ್ರಶ್ನೆಗೆ ಉತ್ತರವಿದೆ. ಜಲಾಶಯದ ಒಡಲಿಗೆ ವಾಹನ ಆಕಾಶದಿಂದ ಇಳಿಯುವುದಿಲ್ಲ. ರಸ್ತೆಯಿಂದ ನೀರಿನ ಅಂಚಿಗೆ ಹೋಗಬೇಕಾದರೆ ಬೇಣ, ಸೊಪ್ಪಿನ ಬೆಟ್ಟ, ಕಾನಿನ ಅಂಚುಗಳನ್ನು ದಾಟಬೇಕು. ಈ ನೆಲ ಎಂದೂ ಮುಳುಗುವುದಿಲ್ಲ. ಇಲ್ಲಿ ಬಿದ್ದ ಕೊರಕಲು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಹಿಂದೆ ದನದ ಕಾಲುದಾರಿಯಾಗಿದ್ದುದು ಗಾಲಿ ಬಿದ್ದ ಮೇಲೆ ಅಗಲವಾಗುತ್ತದೆ. ಕೆಸರಾದಾಗ ಮುಂದಿನ ವಾಹನ ಪಕ್ಕದಲ್ಲಿ ಹೊಸ ಜಾಡು ಮಾಡುತ್ತದೆ. ಮೂರು ನಾಲ್ಕು ಮಳೆಗಾಲಗಳಲ್ಲಿ ಒಂದು ದಾರಿ ಹೋಗಿ ನಾಲ್ಕು ಆಗುತ್ತವೆ. ಇಂಥ ದಾರಿಯ ಕೆಳಗೆ ಅಡಿಕೆ ತೋಟವಿದ್ದರೆ ಗೊರಚಲು ಮಣ್ಣು ಬಸಿಗಾಲುವೆಗೆ ಇಳಿಯುತ್ತದೆ. ಬಸಿಗಾಲುವೆ ತುಂಬಿದ ತೋಟದಲ್ಲಿ ನೀರು ನಿಂತು ಅಡಿಕೆಯ ಬೇರು ಉಸಿರುಕಟ್ಟುತ್ತದೆ. ಭತ್ತದ ಗದ್ದೆಗೆ ಗೊರಚಲು ಹರಡಿದರೆ ಅದನ್ನು ಬುಟ್ಟಿಯಲ್ಲಿ ಹೊತ್ತು ಹಾಕಬೇಕಾದವರು ಗದ್ದೆಯ ಒಡೆಯರು. ಮೋಜು ಎರಡು ದಿನದ್ದು, ಹೊರೆ ವರ್ಷಗಳದ್ದು.

ಮುಳುಗುವ ನೆಲಕ್ಕೂ ಹಾನಿ ತಪ್ಪಿದ್ದಲ್ಲ. ಮೇ ತಿಂಗಳ ಅಡ್ಡಮಳೆಯಿಂದ ಜಲಾಶಯ ಏರುವವರೆಗಿನ ಅವಧಿಯಲ್ಲಿ ಆ ಇಳಿಜಾರುಗಳು ಮಳೆಗೆ ನೇರವಾಗಿ ಮೈಯೊಡ್ಡಿರುತ್ತವೆ. ಗಾಲಿಯ ಜಾಡಿನಲ್ಲಿ ಸಡಿಲವಾದ ಮಣ್ಣು ಮೊದಲ ಮಳೆಗೇ ಜಲಾಶಯದ ತಳ ಸೇರುತ್ತದೆ. ಅಲ್ಲಿಂದ ಅದನ್ನು ಎತ್ತುವವರಿಲ್ಲ.

ದೂರದ ಮರುಭೂಮಿ ಕಲಿಸಿದ ಪಾಠ

ಮರುಭೂಮಿಯ ನೆಲ ಗಾಲಿಯ ಗುರುತನ್ನು ಎಷ್ಟು ಕಾಲ ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆಯೊಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರವರೆಗೆ, ಕ್ಯಾಲಿಫೋರ್ನಿಯ ಮತ್ತು ಅರಿಜೋನಾಗಳ ಮರುಭೂಮಿಯಲ್ಲಿ ಸೈನಿಕರಿಗೆ ಟ್ಯಾಂಕು ಯುದ್ಧದ ತರಬೇತಿ ನೀಡಲಾಯಿತು. ಆ ಟ್ಯಾಂಕುಗಳ ಜಾಡುಗಳು ದಶಕಗಳು ಕಳೆದರೂ ಅಲ್ಲಿ ಅಳಿಸಲಿಲ್ಲ.

ಬಂಡೆಗಳ ಕಮಾನುಗಳಿಗೆ ಹೆಸರಾದ ಯೂಟಾ ರಾಜ್ಯದಲ್ಲಿ ವಾರಾಂತ್ಯದ ಜೀಪು ಪ್ರವಾಸ ದೊಡ್ಡ ಉದ್ಯಮ. ಅಲ್ಲಿಯ ಮರಳು ನೆಲದ ಮೇಲೆ ಕಪ್ಪು ಹಪ್ಪಳದಂಥ ಪದರವಿರುತ್ತದೆ. ನೀಲಿಹಸಿರು ಪಾಚಿ, ಕಲ್ಲುಹೂವು, ಹಾವಸೆಗಳು ಸೇರಿ ಕಟ್ಟಿದ ಈ ಜೀವಂತ ಪದರ ಮರಳು ಹಾರದಂತೆ ಹಿಡಿದು, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಒಂದು ಹೆಜ್ಜೆಗೆ ಮುರಿಯುವ ಅದು ಮತ್ತೆ ಕೂಡಿಕೊಳ್ಳಲು ಹಲವು ವರ್ಷಗಳು, ಕೆಲವೆಡೆ ದಶಕಗಳೇ ಬೇಕು. ಆದ್ದರಿಂದ ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲಿ ಗುರುತಿಸಿದ ದಾರಿ ಬಿಟ್ಟು ವಾಹನ ಇಳಿಸುವುದು ಅಪರಾಧ. ಜೀಪು ಪ್ರವಾಸವನ್ನು ಅವರು ನಿಲ್ಲಿಸಲಿಲ್ಲ. ಅದಕ್ಕೆ ಗೆರೆ ಎಳೆದರು.

ಲಿಂಗನಮಕ್ಕಿಗೆ ಇನ್ನೂ ಹತ್ತಿರದ ಹೋಲಿಕೆಯೂ ಅಲ್ಲಿದೆ. ಕೊಲರಾಡೊ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲಲಾರಂಭಿಸಿದ್ದು 1963ರಲ್ಲಿ, ಲಿಂಗನಮಕ್ಕಿಗೆ ಒಂದು ವರ್ಷ ಮೊದಲು. ಬರಗಾಲಗಳಿಂದ ಅದರ ಮಟ್ಟ ಕುಸಿಯುತ್ತ ಬಂದು, 2023ರ ಆರಂಭದಲ್ಲಿ ಜಲಾಶಯ ಮೊದಲ ಸಲ ತುಂಬಿದ ನಂತರ ಅದುವರೆಗಿನ ಅತಿ ಕೆಳಗಿನ ಮಟ್ಟ ಮುಟ್ಟಿತು. ಮುಳುಗಿದ್ದ ಬಂಡೆಯ ಕಮಾನುಗಳೂ ಕಣಿವೆಗಳೂ ಮರಳಿ ಕಾಣಿಸಿಕೊಂಡವು. ವ್ಯತ್ಯಾಸವೊಂದನ್ನು ಗಮನಿಸಬೇಕು. ಅಲ್ಲಿಯದು ಒಣನಾಡು, ಮಳೆ ಕಡಿಮೆಯಾದುದರಿಂದ ಜಾಡು ಉಳಿಯುತ್ತದೆ. ಇಲ್ಲಿಯದು ಮಳೆನಾಡು; ಜಾಡು ಉಳಿಯದೆ ಕೊರಕಲಾಗಿ ಬೆಳೆಯುತ್ತದೆ. ಮಲೆನಾಡಿಗೆ ಗೆರೆ ಎಳೆಯುವ ಅಗತ್ಯ ಆ ಮರುಭೂಮಿಗಿಂತ ಹೆಚ್ಚಾಗಿದೆ.

ಹುಲ್ಲು, ಹಕ್ಕಿ, ಉಣುಗು

ನೀರಿಳಿದ ನೆಲ ಸತ್ತ ನೆಲವಲ್ಲ. ತಗ್ಗಿನ ಮೆಕ್ಕಲಿನಲ್ಲಿ ನೀರು ಸರಿದ ಕೆಲವೇ ದಿನಗಳಲ್ಲಿ ಹುಲ್ಲು ಚಿಗುರುತ್ತದೆ. ಗುಡ್ಡದ ಹುಲ್ಲು ಒಣಗಿದ ತಿಂಗಳುಗಳಲ್ಲಿ ಅಂಚಿನ ಊರುಗಳ ದನಕರುಗಳಿಗೆ ಅದೇ ಹಸಿಮೇವು. ಟಿಟ್ಟಿಭದಂಥ ಹಕ್ಕಿಗಳು ಗೂಡು ಕಟ್ಟದೆ ಬಯಲಿನ ಹರಳುಗಳ ನಡುವೆಯೇ ಮೊಟ್ಟೆಯಿಡುತ್ತವೆ. ಮೊಟ್ಟೆಯ ಬಣ್ಣ ಹರಳಿನ ಬಣ್ಣವೇ ಆದುದರಿಂದ ವಾಹನ ನಡೆಸುವವನಿಗೆ ಅದು ಕಾಣುವ ಸಂಭವವೇ ಇಲ್ಲ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಗೆ ಮರಿ ಮಾಡುವ ನದಿ ರೀವಗಳನ್ನು ನೋಡಲು ಪ್ರವಾಸಿಗರು ದೋಣಿಯಲ್ಲಿ ಹೋಗಿ ದೂರದಿಂದ ನೋಡಿ ಬರುವುದನ್ನು ಇಲ್ಲಿ ಸ್ಮರಿಸಬಹುದು.

ಹಿನ್ನೀರಿನ ಒಂದು ಭಾಗ ಅಭಯಾರಣ್ಯದೊಳಗೇ ಸೇರಿದೆ. 1972ರಲ್ಲಿ ಘೋಷಿತವಾದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಹಬಾಲದ ಸಿಂಗಳೀಕದ ಹೆಸರಿನಲ್ಲಿ 930 ಚದರ ಕಿಲೋಮೀಟರಿನ ಅಭಯಾರಣ್ಯವಾಗಿಸಲಾಯಿತು. ಅಲ್ಲಿ ಅನುಮತಿಯಿಲ್ಲದೆ ವಾಹನ ಇಳಿಸಿದರೆ, ಬೆಂಕಿ ಹಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷೆ ಉಂಟು. ಕರೂರು ಭಾಗದ ಅಂಬಾರಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಿಕೊಳ್ಳಲು ಜನರು ಹೋರಾಡಿದರು. ಆ ಗುಡ್ಡ ಬಳಿಕ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಮಾನ್ಯವಾಯಿತು. ಗಣಿಯ ಯಂತ್ರದಿಂದ ಉಳಿದ ಹುಲ್ಲುಗಾವಲು ಮೋಜಿನ ಗಾಲಿಗೆ ಸಿಕ್ಕಬಾರದು.

ಮಂಗನ ಕಾಯಿಲೆಯ ಮಾತನ್ನು ಇಲ್ಲಿ ಹೇಳಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ತೆಗೆದುಕೊಂಡಿತು. ರೋಗ ಹರಡುವ ಮರಿ ಉಣುಗುಗಳು ಹೆಚ್ಚಾಗಿರುವ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕಚ್ಚಾ ದಾರಿಗಳಲ್ಲಿ ಪ್ರವಾಸಿಗರು ತಿರುಗುವ ಕಾಲವೂ ಅದೇ. ದರಕಿನ ಮೇಲೆ ಮಲಗಿ ಉಣುಗು ಕಚ್ಚಿಸಿಕೊಂಡ ನಗರವಾಸಿಗೆ ವಾರದ ಬಳಿಕ ಜ್ವರ ಬಂದರೆ ಅಲ್ಲಿಯ ವೈದ್ಯರಿಗೆ ಮಂಗನ ಕಾಯಿಲೆಯ ನೆನಪೇ ಆಗದಿರಬಹುದು. ಮಂಗ ಸತ್ತ ಕಾಡಿಗೆ ಹೋಗಬಾರದು, ಮೈಗೆ ಡೇಪಾ ಎಣ್ಣೆ ಸವರಬೇಕು, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಬೇಕು ಎಂಬ ಮೂರು ಮಾತುಗಳನ್ನು ಪ್ರತಿಯೊಂದು ಹೋಂಸ್ಟೇಯ ಗೋಡೆಯ ಮೇಲೂ ಬರೆದು ಹಾಕುವುದು ಕಷ್ಟದ ಕೆಲಸವಲ್ಲ.

ರಸ್ತೆ ಯಾರಿಗಾಗಿ?

ವಾಹನದ ವಿಷಯ ಮಾತನಾಡುವಾಗ ಕರೂರು, ಭಾರಂಗಿ ಹೋಬಳಿಗಳ ಜನರ ನೋವನ್ನು ಮರೆತರೆ ಅನ್ಯಾಯವಾದೀತು. ಮುಳುಗಡೆಯಾದಾಗ ಹಲವು ಕುಟುಂಬಗಳು ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಪರಸ್ಥಳಗಳಿಗೆ ಹೋದವು. ಅವರಲ್ಲಿ ಅನೇಕರ ಹಕ್ಕುಪತ್ರದ ಪ್ರಶ್ನೆ ಆರು ದಶಕ ಕಳೆದರೂ ಕಗ್ಗಂಟಾಗಿ ಉಳಿಯಿತು. ಉಳಿದವರು ದ್ವೀಪವಾಸಿಗಳಾದರು. ಹೆರಿಗೆಯ ನೋವಿನಲ್ಲಿದ್ದ ಹೆಂಗಸು, ಹಾವು ಕಚ್ಚಿದ ಕೂಲಿಯವನು, ಪರೀಕ್ಷೆಗೆ ಹೊರಟ ಹುಡುಗ, ಎಲ್ಲರೂ ಲಾಂಚಿಗಾಗಿ ಕಾಯಬೇಕಾಗಿತ್ತು. ಸಂಜೆಯ ಕೊನೆಯ ಲಾಂಚ್ ಹೋದರೆ ರಾತ್ರಿ ದಾಟುವಂತಿರಲಿಲ್ಲ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಲಾಂಚೇ ನಿಲ್ಲುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದಾಗ ಆ ಜನರು ಸಂಭ್ರಮಿಸಿದ್ದು ಸಹಜ. ಇದು ಅವರಿಗೆ ಬಹಳ ಹಿಂದೆಯೇ ಸಲ್ಲಬೇಕಾಗಿದ್ದ ಋಣ.

ಸೇತುವೆಯಿಂದ ಇನ್ನೊಂದು ಬದಲಾವಣೆಯೂ ಆಯಿತು. ಲಾಂಚು ಒಂದು ಬಾರಿಗೆ ಇಷ್ಟೇ ವಾಹನ ಹೊರುತ್ತಿತ್ತು. ತಾನಾಗಿಯೇ ಅದು ಒಂದು ಮಿತಿಯಾಗಿತ್ತು. ಆ ಮಿತಿ ಈಗ ಇಲ್ಲ. ಊರಿನವರಿಗೆ ಬಂದ ದಾರಿಯಲ್ಲಿಯೇ ಎಲ್ಲರೂ ಬರುತ್ತಾರೆ. ಹೀಗೆ ಬರುವವರಿಂದ ಹೋಂಸ್ಟೇಗೆ, ಜೀಪು ನಡೆಸುವ ತರುಣರಿಗೆ, ಚಿಕ್ಕ ಅಂಗಡಿಗಳಿಗೆ ನಾಲ್ಕು ಕಾಸು ದೊರೆಯುವುದೂ ನಿಜ. ದುಡಿಮೆಗಾಗಿ ಬೆಂಗಳೂರಿಗೆ ಹೋಗುವ ಹುಡುಗರಲ್ಲಿ ಕೆಲವರಾದರೂ ಊರಿನಲ್ಲಿ ಉಳಿದರೆ ಅದು ಒಳಿತೇ. ಆದ್ದರಿಂದ ಬಾಗಿಲು ಹಾಕುವ ಮಾತು ವ್ಯವಹಾರ್ಯವಲ್ಲ, ನ್ಯಾಯವೂ ಅಲ್ಲ. ಡಾಂಬರು ರಸ್ತೆಯ ತನಕ ವಾಹನ, ಅಲ್ಲಿಂದ ಮುಂದೆ ಊರಿನ ನಿಯಮ ಎಂಬ ಗೆರೆಯನ್ನು ಊರಿನವರೇ ಎಳೆಯಬೇಕಾಗಿದೆ.

ಮಾಡಬಹುದಾದ ಕೆಲಸಗಳು

ಮೊದಲನೆಯದಾಗಿ, ಹಿನ್ನೀರಿನ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯಲ್ಲಿ ನೀರಿನ ಅಂಚಿಗೆ ಹೋಗುವ ಕಚ್ಚಾ ದಾರಿಗಳನ್ನು ಪಟ್ಟಿಮಾಡಲಿ. ಅವುಗಳಲ್ಲಿ ಗಟ್ಟಿ ನೆಲದ ಒಂದೋ ಎರಡೋ ದಾರಿಗಳನ್ನು ಉಳಿಸಿ, ಉಳಿದುವಕ್ಕೆ ಕಲ್ಲು ಅಡ್ಡ ಹಾಕಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಈ ಕೆಲಸ ಒಪ್ಪುತ್ತದೆ. ನೆಲದ ಒಡೆತನದ ಪ್ರಶ್ನೆ ಬಂದಲ್ಲಿ ವಿದ್ಯುತ್ ನಿಗಮ ಮತ್ತು ಅರಣ್ಯ ಇಲಾಖೆಗಳನ್ನು ಗ್ರಾಮಸಭೆಗೆ ಕರೆಯಬಹುದು.

ಎರಡನೆಯದಾಗಿ, ಉಳಿಸಿದ ದಾರಿಗಳಿಗೆ ಹಳೆಯ ಗಾಡಿ ದಾರಿಯ ವಿದ್ಯೆಯನ್ನು ಮರಳಿ ತರಬೇಕು. ಎತ್ತಿನಗಾಡಿಯ ಕಾಲದಲ್ಲಿ ಇಳಿಜಾರಿನ ದಾರಿಗೆ ಓರೆಯಾಗಿ ಅಡ್ಡಗಾಲುವೆ ತೆಗೆದು ನೀರನ್ನು ಪಕ್ಕದ ಕಾಡಿಗೆ ಬಿಡುತ್ತಿದ್ದರು. ನೀರು ಒಂದೆಡೆ ಸೇರಿ ಬಲ ಪಡೆಯುವ ಮೊದಲೇ ಅದನ್ನು ಚದುರಿಸುವುದೇ ಇದರ ಗುಟ್ಟು. ಕಡಿದಾದಲ್ಲಿ ಹತ್ತು ಹದಿನೈದು ಮೀಟರಿಗೊಂದರಂತೆ ಅಡ್ಡಗಾಲುವೆ ಇದ್ದರೆ ಕೊರಕಲು ಹುಟ್ಟುವುದು ಬಹುಮಟ್ಟಿಗೆ ತಪ್ಪುತ್ತದೆ. ಈಗಾಗಲೇ ಬಿದ್ದ ಕೊರಕಲುಗಳಿಗೆ ಕಲ್ಲಿನ ಚಿಕ್ಕ ತಡೆಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ಕಟ್ಟಬೇಕು.

ಮೂರನೆಯದಾಗಿ, ಜಲಾಶಯದ ಒಡಲನ್ನು ಕಾಲ್ನಡಿಗೆಯಿಂದ ನೋಡುವ ಪದ್ಧತಿ ಬರಲಿ. ಅಲ್ಲಿಯ ಅಡಿಪಾಯಗಳು ಯಾರ ಮನೆಯವು, ಆ ರಸ್ತೆ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಿಂದ ಕೇಳಿ ಕಲಿತ ಊರಿನ ತರುಣರು ಮಾರ್ಗದರ್ಶಿಗಳಾದರೆ ಪ್ರವಾಸಿಗೂ ತೃಪ್ತಿ, ಊರಿಗೂ ಆದಾಯ. ಹಿರಿಯರ ನೆನಪುಗಳನ್ನು ಈಗಲೇ ಬರೆದಿಡಬೇಕು. ಅದಕ್ಕೆ ಹೆಚ್ಚು ಕಾಲ ಉಳಿದಿಲ್ಲ.

ನಾಲ್ಕನೆಯದಾಗಿ, ಪ್ರಾಣರಕ್ಷಣೆಯ ಎಚ್ಚರಿಕೆ. ನೂರಡಿಗೆ ಒಂದಡಿ ಇಳಿಜಾರಿರುವ ಬಯಲಿನಲ್ಲಿ ನೀರಿನ ಮಟ್ಟ ಒಂದಡಿ ಏರಿದರೆ ನೀರಿನ ಅಂಚು ನೂರಡಿ ಮುಂದೆ ಬರುತ್ತದೆ. ಮಳೆಗಾಲದ ಆರಂಭದಲ್ಲಿ ಒಂದೇ ದಿನದಲ್ಲಿ ಮಟ್ಟ ಅಡಿಗಟ್ಟಲೆ ಏರುವುದುಂಟು. ಸಂಜೆ ನೀರಿನಿಂದ ದೂರವಿದ್ದ ಡೇರೆ ಬೆಳಗಾಗುವುದರೊಳಗೆ ನೀರಿನಲ್ಲಿರಬಹುದು. ಮೊದಲ ಮಳೆ ಬಿದ್ದ ಮೇಲೆ ಒಡಲಿನಲ್ಲಿ ರಾತ್ರಿ ತಂಗುವುದನ್ನು ಪಂಚಾಯಿತಿ ಖಂಡಿತವಾಗಿ ನಿಷೇಧಿಸಬೇಕು.

ಕೊನೆಯದು ವಿದ್ಯಾರ್ಥಿಗಳಿಗೆ. ಎರಡೂ ತುದಿ ತೆರೆದ ತಗಡಿನ ಡಬ್ಬಿಯೊಂದನ್ನು ಮೂರು ಬೆರಳಿನಷ್ಟು ನೆಲಕ್ಕೆ ಒತ್ತಿ, ಒಂದು ಲೀಟರ್ ನೀರು ಹಾಕಿ, ಇಂಗಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಬೇಕು. ಒಮ್ಮೆ ಗಾಲಿಯ ಜಾಡಿನಲ್ಲಿ, ಒಮ್ಮೆ ಪಕ್ಕದ ಸೊಪ್ಪಿನ ಬೆಟ್ಟದಲ್ಲಿ, ಒಮ್ಮೆ ಕಾನಿನೊಳಗೆ. ಕೊರಕಲಿನ ಎರಡೂ ದಡಗಳಲ್ಲಿ ಗೂಟ ನೆಟ್ಟು, ದಾರ ಕಟ್ಟಿ, ಗೇಣಿಗೊಂದರಂತೆ ದಾರದಿಂದ ತಳದವರೆಗಿನ ಆಳ ಅಳೆದು ಬರೆಯಬೇಕು. ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿಯ ಬಳಿಕ ಒಮ್ಮೆ. ಎರಡು ವರ್ಷ ಹೀಗೆ ಬರೆದಿಟ್ಟ ಒಂದು ಶಾಲೆಯ ನೋಟುಪುಸ್ತಕ ಗ್ರಾಮಸಭೆಯಲ್ಲಿ ಹತ್ತು ಭಾಷಣಗಳಿಗಿಂತ ಹೆಚ್ಚು ತೂಗುತ್ತದೆ. ಅಧಿಕಾರಿಗಳು ಕೇಳುವುದು ಅಂಕಿಗಳನ್ನು. ಆ ಅಂಕಿಗಳನ್ನು ಊರಿನ ಮಕ್ಕಳೇ ಕೊಡಬಲ್ಲರು.

ಮುಂದಿನ ಮುಂಗಾರಿಗೆ ಮೊದಲು ಪ್ರತಿ ಊರಿನಲ್ಲಿ ಒಂದು ದಾರಿಗಾದರೂ ಅಡ್ಡಗಾಲುವೆ ತೆಗೆದು, ಒಂದು ಕೊರಕಲಿಗಾದರೂ ಗೂಟ ನೆಟ್ಟು ಅಳತೆ ಆರಂಭಿಸಲೆಂದು ಕೋರುತ್ತ ಈ ಉಪನ್ಯಾಸವನ್ನು ಮುಗಿಸಲಾಗಿದೆ.